ಮೇಣ ಹಾಕಿದ ಕದಿನ

ಅಂಗಡಿಯಲ್ಲಿ ಯಾವ ಪಾತ್ರೆ ಕೊಂಡರೂ ಅದನ್ನು ಬೆರಳ ಗೆಣ್ಣಿನಿಂದ ಬಡಿದು ಕಿವಿಯ ಹತ್ತಿರ ತಂದು ಕೇಳುವುದು ನನ್ನ ಅಭ್ಯಾಸ. ಮಣ್ಣಿನ ಮಡಕೆಯಾದರೆ ಯಾರೂ ಏನೂ ಅನ್ನುವುದಿಲ್ಲ. ನಾನು ಕುಕ್ಕರನ್ನೂ ಬಡಿಯುತ್ತೇನೆ, ಸ್ಟೀಲಿನ ಬಕೆಟನ್ನೂ ಬಡಿಯುತ್ತೇನೆ. ಮೊನ್ನೆ ಸುಳ್ಯದ ಅಂಗಡಿಯೊಂದರಲ್ಲಿ ಗ್ಯಾಸ್ ಒಲೆಯ ಮೈಯನ್ನು ಬಡಿದು ಕಿವಿಗೊಟ್ಟು ನಿಂತಾಗ ಜೊತೆಗಿದ್ದ ಮೊಮ್ಮಗಳು ನನ್ನ ಗುರುತೇ ಇಲ್ಲದವಳಂತೆ ನಾಲ್ಕು ಹೆಜ್ಜೆ ಆಚೆ ಹೋಗಿ ಫ್ಯಾನುಗಳನ್ನು ನೋಡತೊಡಗಿದಳು. ಅಂಗಡಿಯವನು ಪಾಪ, ಇದಕ್ಕೆ ಎರಡು ವರ್ಷ ಗ್ಯಾರಂಟಿ ಉಂಟು ಅಜ್ಜಿ ಎಂದ. ಗ್ಯಾರಂಟಿ ಇರುವುದು ಕಾಗದದಲ್ಲಿ, ಬಿರುಕು ಇರುವುದು ಲೋಹದಲ್ಲಿ ಎಂದು ಹೇಳೋಣವೆನಿಸಿತು. ಹೇಳಹೊರಟರೆ ಅರ್ಧ ದಿನದ ಕತೆಯಾಗುತ್ತದೆಂದು ಸುಮ್ಮನಾದೆ. ಅವನಿಗೆ ಹೇಳದೆ ಉಳಿಸಿದ್ದನ್ನು ನಿಮಗೆ ಹೇಳುತ್ತೇನೆ. ನಿಮಗೆ ಪುರುಸೊತ್ತು ಉಂಟು ಎಂದುಕೊಂಡಿದ್ದೇನೆ.

ಈ ಅಭ್ಯಾಸ ನನಗೆ ಬಂದದ್ದು ನನ್ನ ಮಾವನಿಂದ, ಅಂದರೆ ಗಂಡನ ತಂದೆಯಿಂದ. ಮಾವ ಆಲೆಟ್ಟಿಯ ಬೇಸಾಯಗಾರರು. ಊರವರಿಗೆಲ್ಲ ‘ಗೌಡ್ರು’. ತೋಟ, ಗದ್ದೆ, ಎತ್ತು ಎಲ್ಲ ಇತ್ತು. ಆದರೆ ಅವರ ಹೆಸರು ಜಾಲ್ಸೂರಿನಿಂದ ಬೆಟ್ಟಂಪಾಡಿಯವರೆಗೆ ಹಬ್ಬಿದ್ದು ಬೇಸಾಯದಿಂದಲ್ಲ, ಕದಿನ ನೋಡುವುದರಿಂದ.

ಕದಿನ ಎಂದರೆ ಒಂದು ಗೇಣು, ಹೆಚ್ಚೆಂದರೆ ಒಂದೂವರೆ ಗೇಣು ಎತ್ತರದ ದಪ್ಪ ಕಬ್ಬಿಣದ ಕೊಳವೆ. ಅಡಿ ಮುಚ್ಚಿರುತ್ತದೆ, ಬಾಯಿ ಆಕಾಶಕ್ಕೆ. ಬುಡದ ಹತ್ತಿರ ಬತ್ತಿಗೆಂದು ಒಂದು ಸಣ್ಣ ತೂತು. ಅದಕ್ಕೆ ಕದಿನದ ಕಿವಿ ಎನ್ನುತ್ತಾರೆ. ಒಳಗೆ ಕರಿಮದ್ದು ತುಂಬಿ, ಮೇಲಿನಿಂದ ಗಿಡಿದು, ಕಿವಿಗೆ ಬೆಂಕಿ ತೋರಿಸಿದರೆ ಮುಗಿಯಿತು. ಗುಂಡೂ ಇಲ್ಲ, ಗುರಿಯೂ ಇಲ್ಲ, ಬರೀ ಶಬ್ದ. ಆ ಶಬ್ದ ಗುಡ್ಡದಿಂದ ಗುಡ್ಡಕ್ಕೆ ಹೋಗಿ, ತಿರುಗಿ ಬಂದು, ಎದೆಯೊಳಗೆ ಕೂತುಕೊಳ್ಳುತ್ತದೆ. ಇವತ್ತಿಗೂ ಎಲ್ಲಿಯಾದರೂ ಕದಿನ ಕೇಳಿದರೆ ನಾನು ಮಾಡುತ್ತಿರುವ ಕೆಲಸ ಬಿಟ್ಟು ಎದ್ದು ನಿಲ್ಲುತ್ತೇನೆ.

ಆ ಕಾಲದಲ್ಲಿ ಕದಿನ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಲಾರಿಯ ಮುರಿದ ಆಕ್ಸಲು, ಗುಜರಿಯ ಪೈಪು, ಕೈಗೆ ಸಿಕ್ಕಿದ ದಪ್ಪ ಕಬ್ಬಿಣವನ್ನು ಊರ ಆಚಾರಿಯ ಕುಲುಮೆಗೆ ಒಯ್ದು ಬಡಿಸಿ ತರುವುದು. ಅದು ಶಬ್ದ ಮಾಡುತ್ತದೋ, ತಾನೇ ಒಡೆದು ನಾಲ್ಕು ಜನರ ತಲೆ ತೆಗೆಯುತ್ತದೋ ಹೇಳುವವರು ಯಾರು? ಹಾಗಾಗಿ ದೇವಸ್ಥಾನದವರಿರಲಿ, ಮುಸಲ್ಮಾನರ ಪಳ್ಳಿಯವರಿರಲಿ, ಭೂತದ ಸಾನದವರಿರಲಿ, ಕದಿನವನ್ನು ಗೋಣಿಯಲ್ಲಿ ಸುತ್ತಿ ನಮ್ಮ ಮನೆಯ ಅಂಗಳಕ್ಕೆ ತಂದು ಇಳಿಸುತ್ತಿದ್ದರು.

ಮಾವನ ಪರೀಕ್ಷೆ ಕದಿನದಿಂದ ಶುರುವಾಗುತ್ತಿರಲಿಲ್ಲ, ತಂದವನಿಂದ ಶುರುವಾಗುತ್ತಿತ್ತು. ಹೊಡೆಯುವವನು ಯಾರು, ಅವನಿಗೆ ಬೀಡಿ ಸೇದುವ ಚಟ ಉಂಟಾ, ಮಾತಿನ ಮಧ್ಯೆ ಎಷ್ಟು ಸಲ ಎದೆ ತಟ್ಟಿಕೊಳ್ಳುತ್ತಾನೆ, ಎಲ್ಲ ನೋಡುತ್ತಿದ್ದರು. ಬೆಟ್ಟಂಪಾಡಿಯಿಂದ ಒಬ್ಬರು ತಂದ ಕದಿನಕ್ಕೆ ಕೆಂಪು ಬಣ್ಣ ಬಳಿದಿತ್ತಂತೆ. ಬಣ್ಣ ಬಳಿದದ್ದು ಎಂತದನ್ನೋ ಮುಚ್ಚಿಟ್ಟಿದೆ ಎಂದು ಮಾವ ಅದನ್ನು ಮುಟ್ಟಲೇ ಇಲ್ಲ. ಕಡಬದ ಕಡೆಯವರು ಒಬ್ಬರು ಪೈಪಿನ ಅಡಿಗೆ ಹಲಸಿನ ಮರದ ಬಿರಡೆ ಹೊಡೆದು ತಂದಿದ್ದರಂತೆ. ಮಾವ ಅವರಿಗೆ ಚಹಾ ಕೊಡಿಸಿ, ಇದನ್ನು ಮಲಗಿಸಿ ಹೊಡೆದರೆ ಹಿಂದೆ ನಿಂತವನು ಮೊದಲು ಹೋಗುತ್ತಾನೆ, ನಿಲ್ಲಿಸಿ ಹೊಡೆದರೆ ಇದೇ ಹಾರಿ ಕಡಬಕ್ಕೆ ಹೋಗುತ್ತದೆ, ನೀವು ಬಸ್ಸಿಗೆ ಕಾಯುವುದು ಬೇಡ ಎಂದರಂತೆ. ಈ ಕತೆಗಳನ್ನು ಹೇಳಿದ್ದು ಅತ್ತೆ. ಮಾವ ತಮ್ಮ ಬಗ್ಗೆ ತಾವೇ ಹೇಳಿಕೊಂಡವರಲ್ಲ.

ಜನರನ್ನು ನೋಡಿ ಆದ ಮೇಲೆ ಕಬ್ಬಿಣ. ಕದಿನವನ್ನು ಹಗ್ಗದಲ್ಲಿ ಗೇರುಮರದ ಕೊಂಬೆಗೆ ನೇತುಹಾಕಿ ಸಣ್ಣ ಸುತ್ತಿಗೆಯಿಂದ ಮೆಲ್ಲನೆ ಬಡಿಯುವುದು. ಗಟ್ಟಿಯಾಗಿದ್ದರೆ ನಾದ ಉದ್ದಕ್ಕೆ ಹೋಗುತ್ತದೆ. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ‘ಟಪ್’ ಎಂದು ಅಲ್ಲಿಗೇ ನಿಲ್ಲುತ್ತದೆ. ಅದಾದ ಮೇಲೆ ನೀರು. ಕದಿನದ ಕಿವಿಗೆ ಬಟ್ಟೆ ಸುತ್ತಿದ ಮರದ ಬೆಣೆ ಬಿಗಿದು, ಬಚ್ಚಲಿನ ಒಣ ಬೂದಿಯನ್ನು ನೆಲಕ್ಕೆ ಹರಡಿ, ಅದರ ಮೇಲೆ ಕದಿನ ನಿಲ್ಲಿಸಿ ಬಾಯಿತುಂಬ ನೀರು ಹೊಯ್ಯುವುದು. ಬೆಳಗ್ಗೆಯಿಂದ ಮೂರು ಗಂಟೆಯವರೆಗೆ ಬೂದಿ ಒಣಗಿದ್ದು ಒಣಗಿದ ಹಾಗೆಯೇ ಇದ್ದರೆ ಪಾಸು. ಒಂದು ಕಡೆ ಕಪ್ಪಾದರೆ ಕದಿನ ಗುಜರಿಗೆ. ಪಾಸಾದದ್ದಕ್ಕೆ ಸುಣ್ಣದ ಬೊಟ್ಟು ಇಟ್ಟು ಕಳಿಸುತ್ತಿದ್ದರು.

ಇಷ್ಟಕ್ಕೆ ಕೆಲಸ ಮುಗಿಯುತ್ತಿರಲಿಲ್ಲ. ಪಾಸು ಮಾಡಿದವರು ಮೊದಲ ಈಡಿಗೆ ಹೋಗಿ ಕದಿನದ ಪಕ್ಕದಲ್ಲೇ ನಿಲ್ಲಬೇಕು. ಇದು ಮಾವನ ತಂದೆಯ ಕಾಲದಿಂದ ಬಂದ ಕ್ರಮ. ಬಾಯಲ್ಲಿ ಪಾಸು ಎಂದು ಹೇಳಿ ಮನೆಯಲ್ಲಿ ಕೂರುವುದು ಯಾರಿಗೂ ಆಗುತ್ತದೆ. ಮಾವ ತಮ್ಮ ಕರಿ ಕೊಡೆಯನ್ನು ಕದಿನದಿಂದ ನಾಲ್ಕು ಮಾರು ದೂರದಲ್ಲಿ ನೆಲಕ್ಕೆ ಊರಿ, ಅದರ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು. ಅವರು ನಿಂತದ್ದನ್ನು ಕಂಡರೆ ಊರವರಿಗೆ ಧೈರ್ಯ.

ಇಂಥ ಮನೆಗೆ ಅರುವತ್ತರ ದಶಕದ ಆರಂಭದಲ್ಲಿ ನಾನು ಸೊಸೆಯಾಗಿ ಬಂದೆ. ನನಗೆ ಹದಿನೆಂಟು. ಪುತ್ತೂರು ಪೇಟೆಯ ಬದಿಯಲ್ಲಿ ಬೆಳೆದವಳು, ಮೇಸ್ಟ್ರ ಮಗಳು, ಎಂಟನೇ ಕ್ಲಾಸು ಪಾಸು. ಎಂಟನೇ ಕ್ಲಾಸಿನ ಹೆಮ್ಮೆ ಎಷ್ಟಿತ್ತೆಂದರೆ, ಅದನ್ನು ಇಳಿಸಲು ಮುಂದೆ ಹೇಳುವ ಘಟನೆಯೇ ಬೇಕಾಯಿತು. ಕದಿನದ ಶಬ್ದ ಪುತ್ತೂರಿನಲ್ಲಿ ಬೇಕಾದಷ್ಟು ಕೇಳಿದ್ದೆ. ವಸ್ತುವನ್ನು ಕಣ್ಣಿನಿಂದ ನೋಡಿರಲಿಲ್ಲ. ಅಷ್ಟು ದೊಡ್ಡ ಶಬ್ದ ಮಾಡುವುದು ಚರಿತ್ರೆ ಪುಸ್ತಕದ ಚಿತ್ರದಲ್ಲಿದ್ದ ಫಿರಂಗಿಯ ಹಾಗೆ ಚಕ್ರಗಿಕ್ರ ಇದ್ದು ಒಂದು ಎತ್ತಿನಷ್ಟು ದೊಡ್ಡದಿರಬೇಕೆಂದು ನನ್ನ ಲೆಕ್ಕ. ಅತ್ತೆ ಹೇಳಿದ ಕತೆಗಳಲ್ಲಿ ‘ಕದಿನ ತಂದರು’ ಎಂದು ಬಂದಾಗಲೆಲ್ಲ ಗಾಡಿಯಲ್ಲಿ ತಂದರೆಂದೇ ತಿಳಿದುಕೊಂಡಿದ್ದೆ.

ಮದುವೆಯಾಗಿ ಮೂರು ತಿಂಗಳಾಗಿತ್ತು. ಅತ್ತೆಗೆ ನನ್ನ ಮೇಲೆ ಪ್ರೀತಿ. ಇವರೂ, ಅಂದರೆ ನನ್ನ ಗಂಡ, ಒಳ್ಳೆಯವರೇ. ಆದರೆ ಮಾವ ನನ್ನ ಹತ್ತಿರ ಒಂದು ಮಾತೂ ಆಡಿರಲಿಲ್ಲ. ಆಡುವುದು ಹೋಗಲಿ, ನಾನು ಆಡಿದ್ದಕ್ಕೆ ಉತ್ತರವೂ ಇಲ್ಲ. ಊಟಕ್ಕೆ ಬನ್ನಿ ಮಾವ ಎಂದು ಜಗಲಿಯ ಬಾಗಿಲಲ್ಲಿ ನಿಂತು ಹೇಳಿದರೆ ಅವರು ಅಂಗಳವನ್ನೇ ನೋಡುತ್ತಾ ಕೂತಿರುತ್ತಿದ್ದರು. ಅತ್ತೆ ಹೋಗಿ ಎದುರು ನಿಂತರೆ ಎದ್ದು ಬರುತ್ತಿದ್ದರು. ನನ್ನ ಭಾಷೆ ಅವರಿಗೆ ಹಿಡಿಸಲಿಲ್ಲವೋ ಎಂದುಕೊಂಡೆ. ನಮ್ಮದು ಅರೆಭಾಷೆಯ ಮನೆ. ನನ್ನ ಅರೆಭಾಷೆಗೆ ಪುತ್ತೂರಿನ ತುಳುವೂ ಶಾಲೆಯ ಕನ್ನಡವೂ ಬೆರೆತು ಮೂರನೆಯದೇ ಒಂದು ಆಗಿತ್ತು. (ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತೇನೆ. ಇಲ್ಲದಿದ್ದರೆ ಅರ್ಧಕ್ಕೆ ಎದ್ದುಹೋದೀರಿ.) ಭಾಷೆ ತಿದ್ದಿಕೊಂಡೆ. ಸ್ವರ ತಗ್ಗಿಸಿದೆ, ಸೊಸೆ ಮೆಲ್ಲ ಮಾತಾಡಬೇಕಲ್ಲ. ಆಮೇಲಂತೂ ಮಾವ ನಾನು ಮನೆಯಲ್ಲಿದ್ದೇನೆಂಬುದನ್ನೇ ಮರೆತರು. ರಾತ್ರಿ ದಿಂಬಿಗೆ ಮುಖ ಒತ್ತಿ ಅತ್ತದ್ದೂ ಉಂಟು. ಅವರ ಬಾಯಿಂದ ಒಂದು ಒಳ್ಳೆಯ ಮಾತು ಬರಿಸಬೇಕು ಎಂಬ ಹಟ ನನ್ನನ್ನು ಹಿಡಿಯಿತು. ಪಾತ್ರೆ ತಿಕ್ಕಿ ಹೊಳೆಯಿಸಿದೆ, ಅಂಗಳ ಗುಡಿಸಿದ್ದನ್ನೇ ಗುಡಿಸಿದೆ, ಹರಿದ ಕೊಡೆಗೆ ಹೊಲಿಗೆ ಹಾಕಿದೆ. ಮಾವ ಆ ಕೊಡೆ ಬಿಡಿಸಿ ನೋಡಿ, ಮಡಚಿ, ತೆಗೆದುಕೊಂಡು ಹೋದರು.

ಆಗ ರಂಜಾನಿನ ನೋಂಬಿನ ತಿಂಗಳು ಹತ್ತಿರ ಬಂತು. ನಮ್ಮ ಎದುರಿನ ಗುಡ್ಡದ ಆಚೆ ಬದಿಯಲ್ಲಿ ಬ್ಯಾರಿಗಳ ಕೆಲವು ಮನೆಗಳೂ ಒಂದು ಸಣ್ಣ ಪಳ್ಳಿಯೂ ಇದ್ದವು. ಮೈಕು ಬಂದಿರದ ಕಾಲ. ನೋಂಬಿನ ದಿನಗಳಲ್ಲಿ ಸೂರ್ಯ ಮುಳುಗಿದ ಕೂಡಲೇ ಪಳ್ಳಿಯ ಬದಿಯ ಪದವಿನಲ್ಲಿ, ಅಂದರೆ ಗುಡ್ಡದ ಬೋಳು ಬಯಲಿನಲ್ಲಿ, ಕದಿನ ಹೊಡೆಯುತ್ತಿದ್ದರು. ಅದನ್ನು ಕೇಳಿ ದೂರದೂರದ ಮನೆಗಳವರು ಉಪವಾಸ ಬಿಡುತ್ತಿದ್ದರು. ನಮ್ಮ ಅತ್ತೆಯಂಥವರು ಅದೇ ಶಬ್ದಕ್ಕೆ ದೇವರ ದೀಪ ಹಚ್ಚುತ್ತಿದ್ದರು. ಆ ಒಂದು ತಿಂಗಳು ನಮ್ಮ ಗುಡ್ಡಗಳಲ್ಲಿ ಎಲ್ಲರ ಸಂಜೆಯೂ ಒಟ್ಟಿಗೆ ಆಗುತ್ತಿತ್ತು. ಪಳ್ಳಿಯ ಹಳೆಯ ಕದಿನವನ್ನು ಮಾವ ಹಿಂದಿನ ವರ್ಷ ಫೇಲು ಮಾಡಿದ್ದರು. ಹಾಗಾಗಿ ನಮ್ಮ ಅಡಿಕೆ ತೆಗೆದುಕೊಳ್ಳುತ್ತಿದ್ದ ವ್ಯಾಪಾರಿ ಅದ್ರಾಮ ಬ್ಯಾರಿಗಳು ಮಂಗಳೂರಿನಿಂದ ದಪ್ಪ ಪೈಪೊಂದನ್ನು ತರಿಸಿ, ಅಡಿ ಕೂಡಿಸಿ, ಹೊಸತೊಂದನ್ನು ಮಾಡಿಸಿದ್ದರು. ನೋಂಬು ಶುರುವಾಗುವ ಹಿಂದಿನ ದಿನ ಬೆಳಗ್ಗೆ ಅದನ್ನು ಮಾವನಿಗೆ ಒಪ್ಪಿಸಿ ಹೋದರಂತೆ. ಹೋದರಂತೆ ಏಕೆಂದರೆ ನಾನಾಗ ಬಟ್ಟೆ ಒಗೆಯಲು ತೋಡಿಗೆ ಹೋಗಿದ್ದೆ.

ಬಂದು ನೋಡುತ್ತೇನೆ, ಬಚ್ಚಲು ಕೊಟ್ಟಿಗೆಯ ಬದಿಯಲ್ಲಿ ಬೂದಿ ಚೆಲ್ಲಿದ ನೆಲದ ಮೇಲೆ ಒಂದು ಕಬ್ಬಿಣದ ಕುಟ್ಟಾಣಿ. ಹಲ್ಲಿಲ್ಲದ ಅಜ್ಜಿಯರು ಎಲೆ ಅಡಿಕೆ ಕುಟ್ಟುವ ಕುಟ್ಟಾಣಿಯದೇ ಆಕಾರ, ಗಾತ್ರ ಮಾತ್ರ ಹತ್ತು ಪಟ್ಟು. ಎತ್ತಿನ ಮದ್ದು ಕುಟ್ಟುವುದಿರಬೇಕೆಂದು ನಾನೇ ತೀರ್ಮಾನಿಸಿದೆ. ತುಂಬ ನೀರು ಹೊಯ್ದು ನೆನೆಯಲಿಟ್ಟಿದ್ದರು. ಬುಡದಲ್ಲಿ ಒಂದು ತೂತಿಗೆ ಯಾರೋ ಬಟ್ಟೆ ಸುತ್ತಿದ ಬೆಣೆ ಹೊಡೆದು ರಿಪೇರಿ ಮಾಡಿದ್ದೂ ಕಂಡಿತು. ಅದರ ಇನ್ನೊಂದು ಬದಿಯಲ್ಲಿ ಅಡಿ ಕೂಡಿಸಿದ ಕಡೆ ನೀರು ಸಣ್ಣಗೆ ಜಿನುಗುತ್ತಿತ್ತು. ಬೂದಿ ಅಂಗೈಯಗಲ ಕಪ್ಪಾಗಿತ್ತು. ಅರ್ಧ ರಿಪೇರಿಯಾದ ಪಾತ್ರೆ. ಪೂರ್ತಿ ಮಾಡಿಟ್ಟರೆ ಮಾವನಿಗೆ ಎಷ್ಟು ಸಂತೋಷವಾಗಬಹುದು?

ಸೋರುವ ಪಾತ್ರೆಗೆ ನಮ್ಮ ಕಡೆಯಲ್ಲಿ ಒಂದೇ ಮದ್ದು, ಹಲಸಿನ ಮೇಣ. ಹಲಸು ಕೊಯ್ಯುವಾಗ ಬರುವ ಮೇಣವನ್ನು ಕೋಲಿಗೆ ಸುತ್ತಿ ಅಡಿಗೆಮನೆಯ ಅಟ್ಟದಲ್ಲಿ ಇಟ್ಟಿರುತ್ತಾರೆ. ಕೊಡ ತೂತಾದರೆ ಅದನ್ನು ಬೆಂಕಿಗೆ ಹಿಡಿದು ಮೆತ್ತುವುದು. ಮೆತ್ತಿದರೆ ಕೊಡ ಸವೆದರೂ ಮೇಣ ಬಿಡುವುದಿಲ್ಲ. ತವರಿನಲ್ಲಿ ನಾನು ಇದರಲ್ಲಿ ಎತ್ತಿದ ಕೈ. ನೀರು ಚೆಲ್ಲಿದೆ, ಒರಸಿದೆ, ಬಿಸಿಲಿಗಿಟ್ಟು ಒಣಗಿಸಿದೆ. ಒಳಗಿನಿಂದ ಕೋಲು ತುರುಕಿ ಮೆತ್ತಿದೆ, ಹೊರಗಿನಿಂದ ಬೆರಳಲ್ಲಿ ತೀಡಿದೆ. ಮೇಣ ಬೆಳ್ಳಗೆ ಕಾಣುವುದು ಚೆಂದವಲ್ಲವೆಂದು ಮೇಲೆ ಮಸಿ ಉಜ್ಜಿದೆ. ಮತ್ತೆ ನೀರು ತುಂಬಿ, ಒದ್ದೆ ಬೂದಿ ಬಾಚಿ ಎಸೆದು, ಹೊಸ ಬೂದಿಯನ್ನು ರಂಗೋಲಿ ಪುಡಿಯಷ್ಟು ನಯವಾಗಿ ಹರಡಿ, ಮೊದಲಿದ್ದ ಹಾಗೆಯೇ ಇಟ್ಟೆ. ಇಂಥ ಚೊಕ್ಕ ಕೆಲಸವನ್ನು ನಾನು ಆ ಮೇಲೆ ಜೀವಮಾನದಲ್ಲಿ ಮಾಡಿಲ್ಲ.

ಮೂರು ಗಂಟೆಗೆ ಮಾವ ಬಂದು ಬಗ್ಗಿ ಬೂದಿಯನ್ನು ನೋಡಿದರು. ನಾನು ಅಡಿಗೆಮನೆಯ ಕಿಟಕಿಯಲ್ಲಿ ಉಸಿರು ಹಿಡಿದು ನಿಂತಿದ್ದೆ. ಬೂದಿಯನ್ನು ಬೆರಳಲ್ಲಿ ಮುಟ್ಟಿದರು, ಎರಡು ಬೆರಳ ನಡುವೆ ಉಜ್ಜಿದರು. ಅವರ ಮುಖದಲ್ಲಿ ನಗು ಬಂತು. ಮದುವೆಯಾದಲ್ಲಿಂದ ನಾನು ಕಂಡ ಮೊದಲ ನಗು. ಸುಣ್ಣದ ಬೊಟ್ಟು ಇಟ್ಟು, ಬಂದ ಅದ್ರಾಮ ಬ್ಯಾರಿಗಳ ಕೈಗೆ ಕೊಟ್ಟರು. ಕುಟ್ಟಾಣಿ ಅವರದೆಂದು ನನಗೆ ಆಗ ಗೊತ್ತಾಯಿತು. ಬೇರೆಯವರ ವಸ್ತುವಿಗೂ ಉಪಕಾರ ಮಾಡಿದೆನಲ್ಲ ಎಂದು ಇನ್ನಷ್ಟು ಹಿಗ್ಗಿದೆ. ಮಾವ ನನ್ನ ಹತ್ತಿರ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ತಾವಾಗಿ ಕೇಳಲಿ ಎಂದು ಬಿಂಕ.

ಮರುದಿನ ಮೊದಲ ನೋಂಬು. ಇವರು ಯಾವುದೋ ಕೆಲಸಕ್ಕೆ ಮಡಿಕೇರಿಗೆ ಹೋಗಿದ್ದರು. ಸಂಜೆ ಐದೂವರೆಯ ಹೊತ್ತಿಗೆ ಮಾವ ಬಿಳಿ ಅಂಗಿ ಹಾಕಿ, ಕೊಡೆ ಹಿಡಿದು ಗುಡ್ಡ ಹತ್ತಿದರು. ಅವರು ಹೋಗಿ ಸ್ವಲ್ಪ ಹೊತ್ತಿಗೆ ಅತ್ತೆ ಅಟ್ಟದಿಂದ ಮೇಣದ ಕೋಲು ತೆಗೆದು ನೋಡಿ, ಇದು ಇಲಿ ತಿಂದ ಹಾಗೆ ಅರ್ಧ ಆಗಿದೆಯಲ್ಲ, ಇಲಿ ಮೇಣ ತಿನ್ನುತ್ತದಾ ಎಂದರು. ನಾನು ಕಾಯುತ್ತಿದ್ದ ಗಳಿಗೆ ಬಂದಿತ್ತು. ಮಾವನಿಗೆ ಅಲ್ಲದಿದ್ದರೆ ಅತ್ತೆಗಾದರೂ ಗೊತ್ತಾಗಲಿ ಎಂದು, ಬ್ಯಾರಿಗಳ ಆ ದೊಡ್ಡ ಕುಟ್ಟಾಣಿಗೆ ನಾನು ಮಾಡಿದ ರಿಪೇರಿಯನ್ನು ಮಸಿ ಉಜ್ಜಿದ್ದರವರೆಗೆ ವಿವರಿಸಿದೆ.

ಅತ್ತೆ ಮೊದಲು ನಕ್ಕರು. ಕುಟ್ಟಾಣಿ ಎಂದದ್ದಕ್ಕೆ ಸೆರಗಿನಲ್ಲಿ ಕಣ್ಣು ಒರಸಿಕೊಳ್ಳುವಷ್ಟು ನಕ್ಕರು. ನಗುತ್ತಾ ಇದ್ದವರ ಕೈಯಿಂದ ಕೋಲು ಬಿತ್ತು.

"ಅದು ಸೋರ್ತಿತ್ತಾ?" ಎಂದರು.

"ಹೌದು. ಬೂದಿ ಚಂಡಿ ಆಗಿತ್ತು."

"ಅಯ್ಯೋ ಮಾರಾಯ್ತಿ, ಅದೇ ಕದಿನ. ಅವರು ಅದರ ಪಕ್ಕದಲ್ಲಿ ನಿಲ್ಲಲಿಕ್ಕೆ ಹೋದದ್ದು."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅತ್ತೆಗೆ ಮೊಣಕಾಲು ನೋವು, ಅಂಗಳ ದಾಟುವುದೇ ಕಷ್ಟ. ನನ್ನ ಎರಡೂ ಭುಜ ಹಿಡಿದು ಬಾಗಿಲಿಗೆ ತಿರುಗಿಸಿದರು. "ಓಡು. ದೂರದಿಂದ ಕರೀಬೇಡ. ಎದುರು ಹೋಗಿ ನಿಲ್ಲು." ಸೊಸೆ ಮಾವನನ್ನು ಕೂಗಿ ಕರೆಯಬಾರದೆಂಬ ಮರ್ಯಾದೆಯ ಮಾತೆಂದು ನಾನು ತಿಳಿದೆ. ಇಂಥ ಹೊತ್ತಿನಲ್ಲೂ ಮರ್ಯಾದೆಯೇ ಎನಿಸಿತು.

ಓಡಿದೆ ನೋಡಿ. ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ತೋಟದ ನಡುವೆ ಓಡಿ, ತೋಡಿಗೆ ಹಾಕಿದ ಅಡಿಕೆ ಮರದ ಸಂಕದ ಮೇಲೆ ಓಡಿದೆ. ಮೂರು ತಿಂಗಳಿಂದ ಆ ಸಂಕವನ್ನು ಯಾರಾದರೂ ಕೈ ಹಿಡಿದರೆ ಮಾತ್ರ ದಾಟುತ್ತಿದ್ದವಳು ನಾನು. ಗುಡ್ಡದ ಏರಿನಲ್ಲಿ ಮುರಕಲ್ಲು ಕಾಲಿಗೆ ಕೊರೆಯಿತು. ಗೇರು ಹೂ ಬಿಟ್ಟ ಕಾಲ. ಆ ವಾಸನೆ ಬಂದರೆ ಈಗಲೂ ನನಗೆ ಏದುಸಿರು ಬರುತ್ತದೆ. ಅರ್ಧ ಗುಡ್ಡ ಹತ್ತುವಾಗ ಸೂರ್ಯ ಎದುರಿಗೇ ಇದ್ದ, ಗುಡ್ಡದ ಅಂಚಿಗೆ ಒಂದು ಮೊಳ ಮೇಲೆ. ನಾನು ಜೀವನದಲ್ಲಿ ಬಹಳ ಸಲ ಬಸ್ಸಿಗಾಗಿ ಓಡಿದ್ದೇನೆ, ಸೂರ್ಯನ ಜೊತೆ ಪಂದ್ಯ ಕಟ್ಟಿ ಓಡಿದ್ದು ಅದೊಂದೇ ಸಲ. ಹೆದರಿಕೆ ಎಷ್ಟಿತ್ತೋ ಅಷ್ಟೇ ಹುರುಪೂ ಇತ್ತು ಎಂದು ಹೇಳಿದರೆ ನಂಬುತ್ತೀರಾ? ಮೈಯೆಲ್ಲ ಕಾಲಾಗಿತ್ತು. ದಾರಿಯಲ್ಲಿ ಎಲ್ಲ ದೇವರಿಗೂ ಹರಕೆ ಹೇಳಿಕೊಂಡೆ. ಆ ಪಳ್ಳಿಯ ದೇವರಿಗೂ ಹೇಳಿದೆ, ಈ ಹೊತ್ತಿಗೆ ಅವನದೇ ಅಧಿಕಾರ ಎಂದು.

ನೆತ್ತಿ ತಲುಪಿದಾಗ ಪದವು ಕಂಡಿತು. ಪಳ್ಳಿಯ ಬದಿಯಲ್ಲಿ ಗಂಡಸರ ಗುಂಪು. ಕೆಲವರ ಕೈಯಲ್ಲಿ ಖರ್ಜೂರ, ಕೆಲವರ ಕೈಯಲ್ಲಿ ನೀರಿನ ಲೋಟ. ಬಯಲಿನ ನಡುವೆ ಕದಿನ. ಅದರ ಹತ್ತಿರ ಪಳ್ಳಿಯ ಕೆಲಸದ ಮಮ್ಮದೆ, ಉದ್ದ ಕೋಲಿನ ತುದಿಗೆ ಬೆಂಕಿ ಹಿಡಿದು ನಿಂತಿದ್ದ. ಅದ್ರಾಮ ಬ್ಯಾರಿಗಳು ಒಮ್ಮೆ ಕಿಸೆಯ ಗಡಿಯಾರವನ್ನೂ ಒಮ್ಮೆ ಪಡುವಣವನ್ನೂ ನೋಡುತ್ತಿದ್ದರು. ಮತ್ತೆ ನನ್ನ ಮಾವ, ಕೊಡೆ ಊರಿ, ಅದರ ಮೇಲೆ ಕೈಯಿಟ್ಟು, ಬಿಳಿ ಅಂಗಿಯಲ್ಲಿ ನೆಟ್ಟಗೆ ನಿಂತಿದ್ದರು.

"ಮಾವಾ" ಎಂದು ಕೂಗಿದೆ. ಅತ್ತೆಯ ಮಾತು ಮರೆತುಹೋಗಿತ್ತು. ಎಲ್ಲರೂ ತಿರುಗಿ ನೋಡಿದರು, ಮಾವ ಒಬ್ಬರನ್ನು ಬಿಟ್ಟು. ಮತ್ತೊಮ್ಮೆ ಕೂಗಿದೆ. ಸೂರ್ಯನನ್ನೇ ನೋಡುತ್ತಿದ್ದರು. ಸಾಯುವ ಹೊತ್ತಿಗೂ ಈ ಮನುಷ್ಯ ನನ್ನ ಕಡೆ ನೋಡುವುದಿಲ್ಲವಲ್ಲ ಎಂದು ನನಗೆ ಅಳುವಿನ ಜೊತೆ ಸಿಟ್ಟೂ ಬಂತು. ಆ ಸಿಟ್ಟಿನಲ್ಲೇ ಇಳಿಜಾರಿನಲ್ಲಿ ಓಡಿ, ಗಂಡಸರ ನಡುವೆ ನುಗ್ಗಿ, ಕದಿನಕ್ಕೂ ಮಾವನಿಗೂ ನಡುವೆ ಹೋಗಿ ನಿಂತೆ. ಮಮ್ಮದೆ ಬೆಂಕಿಯ ಕೋಲನ್ನು ಹಿಂದಕ್ಕೆ ಎಳೆದ.

"ಇದು ಸೋರ್ತಿತ್ತು. ನಾನು ಮೇಣ ಹಾಕಿದ್ದೇನೆ" ಎಂದೆ.

ಮಾವ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅದ್ರಾಮ ಬ್ಯಾರಿಗಳು ಹತ್ತಿರ ಬಂದು ನನ್ನ ಹತ್ತಿರ ಇನ್ನೊಮ್ಮೆ ಕೇಳಿದರು. ನಾನು ಬೂದಿ, ಕುಟ್ಟಾಣಿ, ಹಲಸಿನ ಮೇಣ, ಮಸಿ ಎಲ್ಲ ಹೇಳಿದೆ. ಅವರು ಮಾವನ ಮುಖದ ಹತ್ತಿರ ಹೋಗಿ ಗಟ್ಟಿಯಾಗಿ ಅದನ್ನೇ ಹೇಳಿದರು. ಮಾವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಆದರೆ ಆಮೇಲೆ ಅವರು ಒಂದು ಗಳಿಗೆಯನ್ನೂ ಹಾಳು ಮಾಡಲಿಲ್ಲ.

ಮದ್ದು ತುಂಬಿ ಗಿಡಿದ ಕದಿನಕ್ಕೆ ಯಾರೂ ಕೈ ಹಾಕಬಾರದು ಎಂದರು. ಮುಳುಗುವ ಸೂರ್ಯನೂ ನಿಲ್ಲುವುದಿಲ್ಲ, ದೂರದ ಮನೆಗಳಲ್ಲಿ ಜನ ಕಿವಿಗೊಟ್ಟು ಕೂತಿದ್ದಾರೆ. ಎಲ್ಲರನ್ನೂ ಪದವಿನ ಅಂಚಿನ ಮುರಕಲ್ಲು ಕಡಿದ ಕೋರೆಯ ಹೊಂಡದೊಳಗೆ ಇಳಿಸಿದರು. ಬತ್ತಿಗೆ ಇನ್ನೊಂದು ಉದ್ದ ಬತ್ತಿ ಸೇರಿಸಿ, ಮಮ್ಮದೆಗೆ ಅದರ ತುದಿ ತೋರಿಸಿ, ತಾವು ಕೊನೆಗೆ ಕೋರೆಗೆ ಇಳಿದರು. ನನ್ನ ತಲೆಯನ್ನು ಅಂಗೈಯಿಂದ ಕಲ್ಲಿನ ಗೋಡೆಯ ಕೆಳಗೆ ಒತ್ತಿ ಹಿಡಿದರು. ಮಮ್ಮದೆ ಬೆಂಕಿ ತಾಗಿಸಿ, ಲುಂಗಿ ಎತ್ತಿ ಓಡಿ ಬಂದು ನಮ್ಮ ಮೇಲೆಯೇ ಬಿದ್ದ.

ಅದು ಶಬ್ದವಲ್ಲ, ಬೇರೆಯೇ ಏನೋ. ಕೋರೆಯ ಮೇಲಿನಿಂದ ಏನೋ ಶಿಳ್ಳೆ ಹಾಕುತ್ತಾ ಹೋಯಿತು. ಆಚೆ ಗುಡ್ಡ, ಈಚೆ ಗುಡ್ಡ ಎಲ್ಲ ಉತ್ತರ ಕೊಟ್ಟವು. ನಾವು ಮೆಲ್ಲನೆ ತಲೆ ಎತ್ತಿದಾಗ ಬಯಲಿನಲ್ಲಿ ಹೊಗೆ, ಹೊಗೆಯ ನಡುವೆ ಕದಿನ ಇದ್ದಲ್ಲಿ ಒಂದು ಗುಂಡಿ. ನಾಲ್ಕು ಮಾರು ಆಚೆ ಮಾವ ಬಿಟ್ಟುಬಂದಿದ್ದ ಕೊಡೆಯ ಕೆಳಗಿನ ಅರ್ಧ ನೆಲದಲ್ಲಿ ಊರಿದ ಹಾಗೆಯೇ ನಿಂತಿತ್ತು. ಮೇಲಿನ ಅರ್ಧ ಇರಲಿಲ್ಲ. ಮಾವನ ಸೊಂಟದ ಎತ್ತರದಲ್ಲಿ ಇರುತ್ತಿದ್ದ ಹಿಡಿಕೆಯನ್ನು ಯಾರೂ ಆಮೇಲೆ ಕಾಣಲಿಲ್ಲ.

ಪಳ್ಳಿಯಲ್ಲಿ ನಮಾಜಿನ ಬಾಂಗು ಆಯಿತು. ಎಲ್ಲರೂ ಉಪವಾಸ ಬಿಟ್ಟರು. ಅಷ್ಟು ಗಟ್ಟಿ ಕದಿನವನ್ನು ನಾವು ಕೇಳಿಯೇ ಇರಲಿಲ್ಲ ಎಂದು ಮರುದಿನ ದೂರದ ಮನೆಗಳವರು ಹೊಗಳಿದರಂತೆ. ಅದ್ರಾಮ ಬ್ಯಾರಿಗಳು ಒಂದು ಖರ್ಜೂರವನ್ನು ನನ್ನ ಕೈಗೆ ಕೊಟ್ಟರು. ಆಗ ಗುಂಪಿನಲ್ಲಿ ಮಾತು ಶುರುವಾಯಿತು. ಹೆಂಗಸರು ಕೈ ಹಾಕಿದರೆ ಹೀಗೇ ಎಂದು ಒಬ್ಬರು, ಎಂಟನೇ ಕ್ಲಾಸು ಓದಿದ ಸೊಸೆಯಂತೆ ಎಂದು ಇನ್ನೊಬ್ಬರು. ನನ್ನ ಎಂಟನೇ ಕ್ಲಾಸಿನ ಸುದ್ದಿ ಗುಡ್ಡದ ಆಚೆಗೂ ಮುಟ್ಟಿತ್ತೆಂದು ತಿಳಿದದ್ದು ಆಗ. ಈ ಹುಡುಗಿ ಗೌಡರ ಹೆಸರು ತೆಗೆದಳು, ಸುಣ್ಣದ ಬೊಟ್ಟಿಗೆ ಇನ್ನು ಬೆಲೆ ಏನು ಉಳಿಯಿತು ಎಂದು ಮತ್ತೊಬ್ಬರು. ನಾನು ನೆಲ ನೋಡುತ್ತಾ ನಿಂತಿದ್ದೆ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಮಾವ ಹೊಗೆಯ ನಡುವೆ ಬಗ್ಗಿ ಏನನ್ನೋ ಹುಡುಕುತ್ತಿದ್ದರು. ಕದಿನದ ಒಂದು ಚೂರನ್ನು ಪಂಚೆಯ ತುದಿಯಲ್ಲಿ ಹಿಡಿದು ತಂದು, ಅದಕ್ಕೆ ಅಂಟಿದ ಸುಟ್ಟ ಮೇಣವನ್ನು ಮೂಸಿ ನೋಡಿದರು. ಜನರ ತುಟಿಗಳನ್ನು ನೋಡಿಯೇ ಅವರಿಗೆ ಮಾತು ಯಾವ ಕಡೆ ಹೋಗುತ್ತಿದೆಯೆಂದು ಗೊತ್ತಾಗಿರಬೇಕು.

"ಹುಡುಗಿಯದ್ದು ತಪ್ಪಿಲ್ಲ" ಎಂದರು. "ನೀರು ಇಡುವ ಮೊದಲು ನಾನು ಬಡಿದು ನೋಡಿದ್ದೆ. ಬಡಿದಾಗಲೇ ಗೊತ್ತಾಗಬೇಕಿತ್ತು. ನನಗೆ ಕಿವಿ ಕೇಳುದಿಲ್ಲ. ಎರಡು ವರ್ಷ ಆಯ್ತು. ಬರೀ ನೀರನ್ನೇ ನಂಬಿ ನಿಲ್ತಾ ಇದ್ದೆ."

ಕಿವಿಯಿಂದಲೇ ಹೆಸರು ಮಾಡಿದ ಮನುಷ್ಯ, ಮೂವತ್ತು ವರ್ಷ ಕದಿನದ ಪಕ್ಕದಲ್ಲಿ ನಿಂತು ನಿಂತು ಅದನ್ನೇ ಕಳೆದುಕೊಂಡಿದ್ದರು. ಅದನ್ನು ಅತ್ತೆಯೊಬ್ಬರಿಗೆ ಬಿಟ್ಟು ಯಾರಿಗೂ ತಿಳಿಯಗೊಟ್ಟಿರಲಿಲ್ಲ. ಈಗ ಎಲ್ಲರ ಎದುರು, ನನ್ನ ಮೇಲೆ ಬಂದದ್ದನ್ನು ತಾವು ಹೊತ್ತುಕೊಳ್ಳಲಿಕ್ಕಾಗಿ ಹೇಳಿಬಿಟ್ಟಿದ್ದರು. ನನಗೆ ಆಗ ಬಂದ ಅಳುವನ್ನು ಇಲ್ಲಿ ಬರೆಯಲಾರೆ.

ಗುಡ್ಡ ಇಳಿಯುವಾಗ ಇನ್ನೂ ಬೆಳಕಿತ್ತು. ಮಾವ ಮುಂದೆ, ನಾನು ಕ್ರಮದ ಪ್ರಕಾರ ಹಿಂದೆ. ತಪ್ಪಾಯಿತು ಮಾವ, ಗೊತ್ತಿಲ್ಲದೆ ಮಾಡಿದೆ, ಒಳ್ಳೆಯದಾಗಲಿ ಎಂದೇ ಮಾಡಿದೆ ಎಂದು ಒಂದೇ ಸಮನೆ ಹೇಳುತ್ತಾ ಬರುತ್ತಿದ್ದೆ. ಅವರ ಬೆನ್ನಿಗೆ ಏನೂ ಕೇಳುತ್ತಿರಲಿಲ್ಲ. ಗೇರುಮರಗಳು ಮುಗಿಯುವಲ್ಲಿ ಅವರು ನಿಂತು ತಿರುಗಿ ನೋಡಿದರು. ನನ್ನ ಬಾಯಿ ಆಡುತ್ತಿರುವುದು ಕಂಡಿತು.

"ಬಲದ ಬದಿಗೆ ಬಾ ಮಗಳೇ" ಎಂದರು. "ಎಡದ್ದು ಪೂರಾ ಹೋಗಿದೆ. ಇದರಲ್ಲಿ ಸ್ವಲ್ಪ ಉಂಟು."

ಆ ದಾರಿ ಇಬ್ಬರು ಒಟ್ಟಿಗೆ ನಡೆಯುವಷ್ಟು ಅಗಲ ಇರಲಿಲ್ಲ. ಮಾವ ಎಡಗಾಲನ್ನು ಮುಳ್ಳಿನ ಪೊದೆಯ ಮೇಲೆಯೇ ಇಟ್ಟು ನಡೆಯುತ್ತಾ ನನಗೆ ಜಾಗ ಮಾಡಿದರು. ನಾನು ಅವರ ಬಲಕ್ಕೆ ಹೋದೆ. ಅವರು ತಲೆಯನ್ನು ನನ್ನ ಕಡೆ ಬಾಗಿಸಿ ಕಾದರು.

"ಹೇಳು" ಎಂದರು. "ಸುರುವಿಂದ ಹೇಳು. ನಮ್ಮ ಮನೆಗೆ ಬಂದಲ್ಲಿಂದ ನೀನು ಎಂತೆಲ್ಲ ಹೇಳಿದ್ದಿ?"